ಕಟ್ಟಿನ ಹಿಂದೆ ಏನುಂಟು? ಹಳೆಯ ಫೋಟೋ, ಪಟ, ಚೀಟಿ ಕೂಡಿಸುವವರಿಗೆ

ಮಂಗಳೂರಿನ ರಥಬೀದಿಯ ಹತ್ತಿರ ನಮ್ಮದೊಂದು ಪಟಗಳಿಗೆ ಕಟ್ಟು, ಅಂದರೆ ಫ್ರೇಮ್, ಹಾಕುವ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಹಳೆಯ ಫೋಟೋ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್, ಬಸ್ಸಿನ ಟಿಕೆಟು, ಬೀಡಿ ಲೇಬಲ್ಲು, ಮದುವೆ ಕಾಗದ, ಬ್ಯಾಂಕಿನ ಕ್ಯಾಲೆಂಡರು ಇಂಥದ್ದನ್ನೆಲ್ಲ ಕೂಡಿಸುವ ಆಸೆ ನನಗೆ ಹುಟ್ಟಿದ್ದು ಈ ಅಂಗಡಿಯಲ್ಲೇ. ನೋಡಲು ಬಂದವರು "ನಮಗೂ ಶುರು ಮಾಡಬೇಕು, ಹೇಗೆ?" ಅಂತ ಕೇಳುತ್ತಾರೆ. ನಿಂತಲ್ಲೇ ಹೇಳಿ ಮುಗಿಸುವ ವಿಷಯ ಅಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲ ನಿಯಮ, ಮತ್ತು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು: ಒಟ್ಟಿಗೆ ಸಿಕ್ಕಿದ್ದನ್ನು ಒಟ್ಟಿಗೇ ಇಡಿ. ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಒಂದು ಮದುವೆ ಫೋಟೋ, ಎರಡು ಬಿಲ್ಲು, ಒಂದು ಪೋಸ್ಟ್‌ಕಾರ್ಡು ಇದ್ದರೆ ಫೋಟೋ ಮಾತ್ರ ಎತ್ತಿಕೊಂಡು ಬರಬೇಡಿ. ಆ ಪೋಸ್ಟ್‌ಕಾರ್ಡಿನಲ್ಲಿ ವಿಳಾಸ ಇರುತ್ತದೆ. ಬಿಲ್ಲಿನಲ್ಲಿ ಊರು, ತಾರೀಕು ಇರುತ್ತದೆ. ಅವನ್ನು ಬಿಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು ಹೆಸರಿಲ್ಲದ ಮದುಮಗಳು. ಚಂದ ಕಾಣಿಸುವುದು ಬೇಗ ಕಣ್ಣಿಗೆ ಬೀಳುತ್ತದೆ, ನಿಜ. ಆದರೆ ಈ ಹವ್ಯಾಸದ ನಿಜವಾದ ಸಂತೋಷ ಚಂದದಲ್ಲಿಲ್ಲ. ಗುರುತು ಹಿಡಿಯುವುದರಲ್ಲಿ ಉಂಟು. "ಓ, ಇವರು ಇಂಥವರು, ಇದು ಇಂಥ ಜಾಗ, ಇಂಥ ವರ್ಷ" ಅಂತ ಒಂದೊಂದಾಗಿ ಬಿಡಿಸುತ್ತಾ ಹೋಗುವಾಗ ಊಟ ತಣ್ಣಗಾದದ್ದೂ ಗೊತ್ತಾಗುವುದಿಲ್ಲ.

ಎಲ್ಲಿ ಹುಡುಕುವುದು? ಮೊದಲು ನಿಮ್ಮದೇ ಮನೆಯ ಗೋಡೆ ನೋಡಿ. ಹಳೆಯ ಪಟಗಳ ಹಿಂದೆ ಏನಿದೆ ಅಂತ ಯಾರೂ ನೋಡಿರುವುದಿಲ್ಲ. ಹಿಂದಿನ ಕಾಲದಲ್ಲಿ ಫ್ರೇಮ್ ಹಾಕುವವರು ಹಿಂಬದಿಗೆ ಹೊಸ ರಟ್ಟು ಕೊಂಡು ತರುತ್ತಿದ್ದದ್ದು ಕಡಿಮೆ. ಕೈಗೆ ಸಿಕ್ಕಿದ್ದನ್ನು ತುಂಬಿಸುತ್ತಿದ್ದರು. ಹೋದ ವರ್ಷದ ಕ್ಯಾಲೆಂಡರು, ಪೇಪರು, ಸೋಪಿನ ಪೆಟ್ಟಿಗೆಯ ರಟ್ಟು, ಬೇಡವಾದ ಇನ್ನೊಂದು ಫೋಟೋ. ದೇವರ ಪಟವಾದರೆ ಇನ್ನೊಂದು ಕಾರಣವೂ ಇತ್ತು. ಬಣ್ಣ ಮಾಸಿದ ಪಟವನ್ನು ಬಿಸಾಡಲು ಮನಸ್ಸು ಬರುವುದಿಲ್ಲ ಅಲ್ವಾ? ಅದರ ಮೇಲೆಯೇ ಹೊಸ ಪಟ ಇಟ್ಟು ಕಟ್ಟು ಹಾಕಿಸುತ್ತಿದ್ದರು. ಹಾಗಾಗಿ ಒಂದೇ ಕಟ್ಟಿನೊಳಗೆ ಲಕ್ಷ್ಮಿಯ ಹಿಂದೆ ಲಕ್ಷ್ಮಿ, ಅವಳ ಹಿಂದೆ ಮತ್ತೊಬ್ಬ ಲಕ್ಷ್ಮಿ ಸಿಗುತ್ತಾಳೆ.

ತೆರೆಯುವ ಕ್ರಮ ಹೇಳುತ್ತೇನೆ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ, ಪಟವನ್ನು ಮುಖ ಕೆಳಗಾಗಿ ಮಲಗಿಸಿ. ಹಿಂದಿನ ಕಾಗದದ ಪಟ್ಟಿಯನ್ನು ಬ್ಲೇಡಿನಿಂದ ಅಂಚಿನುದ್ದಕ್ಕೆ ಕೊಯ್ಯಿರಿ. ಹರಿಯಬೇಡಿ, ಅದರ ಮೇಲೆ ಅಂಗಡಿಯ ಚೀಟಿ ಇರಬಹುದು. ಸಣ್ಣ ಮೊಳೆಗಳನ್ನು ಇಕ್ಕಳದಿಂದ ಹೊರಕ್ಕೆ ಬಗ್ಗಿಸಿ, ಒಂದೊಂದಾಗಿ ಎಳೆಯಿರಿ. ಸುತ್ತಿಗೆ ಬೇಡ, ಗಾಜು ಬಿರುಕು ಬಿಡುತ್ತದೆ. ಹಲಗೆ ಎತ್ತಿದ ಮೇಲೆ ಒಂದೊಂದು ಪದರ ತೆಗೆಯುವಾಗಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಯಾವುದರ ಹಿಂದೆ ಯಾವುದಿತ್ತು ಅನ್ನುವುದು ಆಮೇಲೆ ನೆನಪಿರುವುದಿಲ್ಲ. ನಡುವೆ ಸಿಕ್ಕಿದ ಪೇಪರಿನ ತಾರೀಕು ನೋಡಿದರೆ ಆ ಕಟ್ಟು ಯಾವಾಗ ಹಾಕಿದ್ದು ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ.

ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ. ನಮ್ಮ ಕರಾವಳಿಯ ತೇವಕ್ಕೆ ಇದು ಬಹಳ ಸಾಮಾನ್ಯ. ಫೋಟೋದ ಮೇಲ್ಪದರ ಜೆಲಾಟಿನ್ ಅನ್ನುವ ಅಂಟಿನಂಥ ವಸ್ತು. ಅದು ತೇವ ಕುಡಿದು ಮೆತ್ತಗಾಗಿ ಗಾಜಿಗೆ ಹಿಡಿದುಕೊಳ್ಳುತ್ತದೆ. ಎಳೆದರೆ ಮುಖ ಗಾಜಿನಲ್ಲಿ ಉಳಿದು, ಕಾಗದ ನಿಮ್ಮ ಕೈಗೆ ಬರುತ್ತದೆ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ, ಹಾಗೇ ಇಡಿ.

ಇನ್ನೊಬ್ಬರ ಪಟದೊಳಗೆ ಸಿಕ್ಕಿದ್ದು ಅವರದ್ದು. ನಮ್ಮ ಅಂಗಡಿಯಲ್ಲಿ ಏನು ಹೊರಬಂದರೂ ಗಿರಾಕಿಯ ಮುಂದೆ ಇಟ್ಟು ಕೇಳುತ್ತೇನೆ. ಹೆಚ್ಚಿನವರು "ನಿಮಗೆ ಬೇಕಾದರೆ ಇಟ್ಟುಕೊಳ್ಳಿ ಮಾರಾಯ್ರೇ" ಅನ್ನುತ್ತಾರೆ. ಕೆಲವರು ನೋಡಿ ಸುಮ್ಮನಾಗುತ್ತಾರೆ, ಮೆಲ್ಲ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಎರಡೂ ಸರಿಯೇ.

ಮನೆ ಬಿಟ್ಟರೆ ಗುಜರಿ. ಬಂದರಿನ ಕಡೆಯ ಗುಜರಿ ಅಂಗಡಿಗಳಿಗೆ ಸುಮ್ನೆ ಹೋಗಿ ಬರುತ್ತಿರಿ. ಅಲ್ಲಿಯವರಿಗೆ ನಿಮ್ಮ ಮುಖ ಪರಿಚಯ ಆಗಬೇಕು. "ಅಣ್ಣ, ಹಳೆ ಆಲ್ಬಮ್ಮು, ಕಾಗದಪತ್ರ ಬಂದರೆ ಬಿಚ್ಚಬೇಡಿ, ಹಾಗೇ ಇಡಿ, ನಾನು ಬಂದು ನೋಡುತ್ತೇನೆ" ಅಂತ ಹೇಳಿಡಿ. ಹಳೆಯ ಹಂಚಿನ ಮನೆ ಕೆಡವಿ ಫ್ಲ್ಯಾಟ್ ಏಳುವಾಗ ಅಟ್ಟದ ಟ್ರಂಕು, ಕಲೆಂಬಿ ಅನ್ನುವ ಮರದ ಪೆಟ್ಟಿಗೆ, ಕಪಾಟಿನೊಳಗಿನದ್ದೆಲ್ಲ ಅಲ್ಲಿಗೇ ಬರುವುದು. ಕಾಗದ ಅವರಿಗೆ ಕಿಲೋ ಲೆಕ್ಕ. ನೀವು ಕಿಲೋಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರೆ ಮುಂದಿನ ಸಲ ಅವರೇ ಫೋನ್ ಮಾಡುತ್ತಾರೆ. ತೀರಾ ಚೌಕಾಸಿ ಮಾಡಬೇಡಿ. ಹಾಗಂತ ಊರು, ಹೆಸರು ಏನೂ ಇಲ್ಲದ ಸಾದಾ ಗುಂಪು ಫೋಟೋಕ್ಕೆ ನೂರು ರೂಪಾಯಿಗಿಂತ ಮೇಲೆ ನಾನು ಕೊಡುವುದಿಲ್ಲ. ಹಿಂದೆ ಬರಹ ಇದ್ದರೆ ಮಾತು ಬೇರೆ.

ಮುಚ್ಚುವ ಸ್ಟುಡಿಯೋ ಸಿಕ್ಕಿದರೆ ಅದೃಷ್ಟ. ಅಲ್ಲಿ ಎಲ್ಲರೂ ಕ್ಯಾಮೆರಾ ಕೇಳುತ್ತಾರೆ. ನೀವು ರಿಜಿಸ್ಟರ್ ಕೇಳಿ. ನೆಗೆಟಿವಿನ ಲಕೋಟೆಯ ಮೇಲೆ ನಂಬರ್ ಇರುತ್ತದೆ, ಆ ನಂಬರಿನ ಮುಂದೆ ಹೆಸರು, ತಾರೀಕು ಇರುವುದು ರಿಜಿಸ್ಟರಿನಲ್ಲಿ. ರಿಜಿಸ್ಟರ್ ಇಲ್ಲದ ನೆಗೆಟಿವ್ ಬರೀ ಮುಖ. ಗಾಜಿನ ನೆಗೆಟಿವ್ ಸಿಕ್ಕಿದರೆ ಅಂಚಿನಲ್ಲೇ ಹಿಡಿಯಿರಿ. ಹೊಳಪಿಲ್ಲದ ಬದಿಯಲ್ಲಿ ಚಿತ್ರ ಇರುತ್ತದೆ, ಅದನ್ನು ಮುಟ್ಟಬಾರದು. ಒಂದರ ಮೇಲೊಂದು ಪೇರಿಸಬೇಡಿ, ಭಾರಕ್ಕೆ ಒಡೆಯುತ್ತವೆ. ನಡುವೆ ಕಾಗದ ಇಟ್ಟು ಸಾಲಾಗಿ ನಿಲ್ಲಿಸಿ. ಈ ಗಾಜನ್ನು ಉಜ್ಜಿ ತೊಳೆದು ಸಣ್ಣ ಪಟಗಳಿಗೆ ಬಳಸಿದ ಕಾಲವೂ ಇತ್ತು. ಹಾಗೆ ಹೋದ ಮುಖಗಳನ್ನು ನೆನೆಸಿದರೆ ಈಗಲೂ ಸಂಕಟವಾಗುತ್ತದೆ.

ಅಶ್ವತ್ಥಕಟ್ಟೆಯ ಬುಡದಲ್ಲಿ ಜನ ಹಳೆಯ ದೇವರ ಪಟ ಇಟ್ಟು ಹೋಗುತ್ತಾರೆ. ಅದರಲ್ಲಿ ಒಮ್ಮೊಮ್ಮೆ ರವಿವರ್ಮ ಪ್ರೆಸ್ಸಿನ ಪಟ ಇರುತ್ತದೆ. ಎತ್ತುವ ಮೊದಲು ಅಲ್ಲಿಯ ಭಟ್ಟರನ್ನೋ ಕಟ್ಟೆ ನೋಡಿಕೊಳ್ಳುವವರನ್ನೋ ಕೇಳಿ. ರವಿವರ್ಮ 1894ರಲ್ಲಿ ಬೊಂಬಾಯಿಯಲ್ಲಿ ಆ ಪ್ರೆಸ್ ಹಾಕಿದ್ದು. ಆಮೇಲೆ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಅಲ್ಲಿಯ ಪಟಗಳನ್ನು ಎಷ್ಟೋ ಪ್ರೆಸ್ಸಿನವರು ನಕಲು ಮಾಡಿದ್ದಾರೆ. ಅಕ್ಕಸಾಲಿಗರು ಇಟ್ಟುಕೊಳ್ಳುವಂಥ ಹತ್ತು ಪಟ್ಟು ದೊಡ್ಡದಾಗಿ ಕಾಣುವ ಸಣ್ಣ ಭೂತಗನ್ನಡಿ ಒಂದು ತಂದುಕೊಳ್ಳಿ. ರವಿವರ್ಮ ಪ್ರೆಸ್ಸಿನದ್ದರಂಥ ಕಲ್ಲಚ್ಚಿನ (ಲಿಥೋ) ಪಟದಲ್ಲಿ ಬಣ್ಣದ ಚುಕ್ಕೆಗಳು ಅಡ್ಡಾದಿಡ್ಡಿ, ಕೈಯಿಂದ ಇಟ್ಟ ಹಾಗೆ ಕಾಣುತ್ತವೆ. ಈಚಿನ ಆಫ್‌ಸೆಟ್ ಮುದ್ರಣದಲ್ಲಿ ಚುಕ್ಕೆಗಳು ಸಾಲು ಹಿಡಿದು ನಿಂತಿರುತ್ತವೆ. ಕೆಳ ಅಂಚಿನಲ್ಲಿ ಪ್ರೆಸ್ಸಿನ ಹೆಸರು ಇರುವ ಭಾಗವನ್ನು ಫ್ರೇಮಿಗೆ ಕೂರಿಸಲು ಕತ್ತರಿಸಿರಬಹುದು. ಸೀರೆಯ ಮೇಲೆ ಜರಿ, ಮಣಿ ಅಂಟಿಸಿದ್ದರೆ ತೆಗೆಯಬೇಡಿ. ಅದು ಆ ಮನೆಯ ಹೆಂಗಸರ ಕೈಕೆಲಸ ಇರಬಹುದು.

ಇದೇ ಭೂತಗನ್ನಡಿ ಫೋಟೋಗೂ ಬೇಕು. ಚುಕ್ಕೆ ಕಂಡರೆ ಅದು ಪತ್ರಿಕೆಯದ್ದೋ ಪುಸ್ತಕದ್ದೋ ಮುದ್ರಣ, ಫೋಟೋ ಅಲ್ಲ. ಕಾಗದದ ನಾರು ಕಂಡು, ಬಣ್ಣ ಕಂದು ನೇರಳೆಯಾಗಿ, ಬಿಳಿ ಭಾಗ ಹಳದಿ ತಿರುಗಿ, ತೆಳು ಕಾಗದ ರಟ್ಟಿಗೆ ಅಂಟಿಸಿದ್ದರೆ ಅದು ಮೊಟ್ಟೆಯ ಬಿಳಿಲೋಳೆ ಬಳಸಿದ ಹಳೆಯ ಕ್ರಮದ್ದು. 19ನೇ ಶತಮಾನದ್ದು ಅಂತ ಕಣ್ಣರಳಿಸಬಹುದು. ಇಲ್ಲಿ ಅದು ಅಪರೂಪ. ನಮಗೆ ಸಿಗುವ ಹೆಚ್ಚಿನವು ಬೆಳ್ಳಿ ಜೆಲಾಟಿನ್ ಫೋಟೋಗಳು. ಅವನ್ನು ಓರೆ ಮಾಡಿ ಬೆಳಕಿಗೆ ಹಿಡಿದರೆ ಕಪ್ಪು ಜಾಗಗಳ ಅಂಚಿನಲ್ಲಿ ನೀಲಿ ಬೆಳ್ಳಿಯ ಮಿಂಚು ಕಾಣುತ್ತದೆ. ಅದು ಕೊಳೆ ಅಲ್ಲ, ಒಳಗಿನ ಬೆಳ್ಳಿಯೇ ಮೇಲೆ ಬಂದದ್ದು. ಉಜ್ಜಬೇಡಿ.

ಅಂಚು ಗರಗಸದ ಹಾಗೆ ಕತ್ತರಿಸಿದ ಸಣ್ಣ ಫೋಟೋಗಳು ಹೆಚ್ಚಾಗಿ 1930ರಿಂದ 60ರ ದಶಕದವು. ಬಿಳಿ ಅಂಚಿನ ಚೌಕದ ಫೋಟೋ ಕಂಡರೆ ಅಗ್ಫಾ ಕ್ಲಿಕ್ ಥ್ರೀಯಂಥ ಕ್ಯಾಮೆರಾ ನೆನೆಸಿಕೊಳ್ಳಿ. ಒಂದು ರೋಲಿಗೆ ಹನ್ನೆರಡೇ ಚಿತ್ರ. ಹಾಗಾಗಿ ಯಾರೂ ಸುಮ್ನೆ ಗುಂಡಿ ಒತ್ತುತ್ತಿರಲಿಲ್ಲ. ಆ ಹನ್ನೆರಡರಲ್ಲಿ ಒಂದು ಹಸುವಿಗೆ ಹೋಗಿದ್ದರೆ, ಆ ಹಸು ಆ ಮನೆಯಲ್ಲಿ ಎಷ್ಟು ಮುಖ್ಯ ಅಂತ ಯೋಚಿಸಿ. ಪ್ಲಾಸ್ಟಿಕ್ಕಿನ ಹಾಗೆ ಜಾರುವ ಕಾಗದ ಬಂದದ್ದು 1970ರ ದಶಕದ ಆಚೀಚೆ. ಆ ಕಾಲದ ಬಣ್ಣದ ಫೋಟೋಗಳು ಈಗ ಕೆಂಪಾಗಿರುತ್ತವೆ. ನೀಲಿ ಹಸಿರಿನ ಬಣ್ಣ ಮೊದಲು ಹೋಗುತ್ತದೆ, ಕೆಂಪು ಉಳಿಯುತ್ತದೆ. ಗಲ್ಫಿಗೆ ಹೋದವರು ಮನೆಗೆ ಕಳಿಸಿದ ಫೋಟೋಗಳಲ್ಲಿ ಇಂಥವು ತುಂಬ. ಕಾರಿನ ಪಕ್ಕ ನಿಂತದ್ದು, ಟೇಪ್ ರೆಕಾರ್ಡರ್ ಹಿಡಿದದ್ದು. ಇವನ್ನು ಬೇಗ ಸ್ಕ್ಯಾನ್ ಮಾಡಿ, ಕತ್ತಲಲ್ಲಿಡಿ. ಕಪ್ಪು ಬಿಳುಪಿಗೆ ಕಾಲ ಉಂಟು, ಇವಕ್ಕೆ ಇಲ್ಲ.

ಈಗ ನನಗೆ ತುಂಬ ಇಷ್ಟದ ಕೆಲಸ, ವರ್ಷ ಹಚ್ಚುವುದು. ಮುಖ ನೋಡುವ ಮೊದಲು ಹಿಂಬದಿ ನೋಡಿ. ಸ್ಟುಡಿಯೋದ ಮೊಹರು, ಪೆನ್ಸಿಲ್ ನಂಬರು, ಕಾಗದದ ಕಂಪನಿಯ ಹೆಸರು. ಉಡುಪಿಯ ಕಡೆಯ ಮನೆಗಳಲ್ಲಿ ಸಿಗುವ ಫೋಟೋಗಳ ಹಿಂದೆ ಬೊಂಬಾಯಿಯ ಸ್ಟುಡಿಯೋ ಮೊಹರು ಇರುವುದು ಬಹಳ. ಹೋಟೆಲಿಗೆ ಅಂತ ಹೋದ ಹುಡುಗ ಮೊದಲ ಸಂಬಳದಲ್ಲಿ ಪ್ಯಾಂಟು ಹೊಲಿಸಿ, ಫೋಟೋ ತೆಗೆಸಿ, ಅಮ್ಮನಿಗೆ ಕಳಿಸಿದ್ದಿರಬಹುದು.

ಕಾಗದಪತ್ರಕ್ಕೆ ವರ್ಷ ಹಚ್ಚಲು ನಮ್ಮ ಜಿಲ್ಲೆಯ ಚರಿತ್ರೆಯೇ ಸಹಾಯ ಮಾಡುತ್ತದೆ. ಇಲ್ಲಿ ರಾಜ್ಯ, ದುಡ್ಡು ಎರಡೂ ಬದಲಾಗಿವೆ. ವಿಳಾಸದಲ್ಲಿ "ಮದ್ರಾಸ್ ಸ್ಟೇಟ್" ಅಂತಿದ್ದರೆ 1950ರಿಂದ 1956ರ ನಡುವಿನದ್ದು. 1956ರ ನವೆಂಬರ್ 1ರಿಂದ ನಾವು ಮೈಸೂರು ರಾಜ್ಯ. 1973ರ ನವೆಂಬರ್ 1ರಿಂದ ಕರ್ನಾಟಕ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲಿಗಿಂತ ಹಿಂದಿನದ್ದು ಅಂತ ಶುರು ಮಾಡಬಹುದು. ಬಾಯಲ್ಲಿ ಆಣೆ ಆಮೇಲೂ ಉಳಿದಿತ್ತು ಅನ್ನುವುದು ಬೇರೆ. "ನಯೇ ಪೈಸೆ" ಅಂತಿದ್ದರೆ 1957ರಿಂದ 1964. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಈಗ ನೋಡಿ: ಒಂದು ಜವಳಿ ಅಂಗಡಿಯ ಬಿಲ್ಲಿನ ತಲೆಯಲ್ಲಿ "ಮೈಸೂರು ಸ್ಟೇಟ್" ಅಂತಲೂ ಉಂಟು, ಪಿನ್‌ಕೋಡೂ ಉಂಟು. ಹಾಗಾದರೆ ಅದನ್ನು ಅಚ್ಚು ಹಾಕಿಸಿದ್ದು 1972ರ ಆಗಸ್ಟಿನಿಂದ 1973ರ ಅಕ್ಟೋಬರಿನ ಒಳಗೆ! ಇಂಥದ್ದೊಂದು ಹೊಳೆದ ದಿನ ನಾನು ಅಂಗಡಿಗೆ ಬಂದವರಿಗೆಲ್ಲ ಅದನ್ನೇ ತೋರಿಸುತ್ತೇನೆ.

ಒಂದು ಎಚ್ಚರಿಕೆ. ಅಚ್ಚು ಹಾಕಿಸಿದ ಬಿಲ್ ಪುಸ್ತಕ ಮುಗಿಯುವ ತನಕ ಯಾರೂ ಹೊಸದು ಮಾಡಿಸುವುದಿಲ್ಲ. ಹಾಗಾಗಿ ಅಚ್ಚಿನ ವರ್ಷ ಬೇರೆ, ಬರೆದ ವರ್ಷ ಬೇರೆ ಇರಬಹುದು. "ಇದಕ್ಕಿಂತ ಹಿಂದಿನದ್ದಲ್ಲ" ಅನ್ನುವುದನ್ನು ಧೈರ್ಯವಾಗಿ ಹೇಳಿ. "ಇದಕ್ಕಿಂತ ಈಚಿನದ್ದಲ್ಲ" ಅನ್ನುವಾಗ ತಡೆಯಿರಿ.

ಏನನ್ನು ಕೂಡಿಸಬೇಕು ಅಂತ ಕೇಳಿದರೆ, ಈಗಷ್ಟೇ ಮರೆಯಾದದ್ದನ್ನು ಅನ್ನುತ್ತೇನೆ. ನೂರು ವರ್ಷದ ಹಿಂದಿನದ್ದಕ್ಕೆ ಎಲ್ಲರೂ ಕೈ ಚಾಚುತ್ತಾರೆ. ಹೋದ ವಾರ ಬಿಸಾಡಿದ್ದಕ್ಕೆ ಯಾರೂ ಇಲ್ಲ. ನಮ್ಮ ಎರಡು ಜಿಲ್ಲೆ ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್. 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಆ ಹೆಸರಿನ ಪಾಸ್‌ಬುಕ್ಕು, ಕ್ಯಾಲೆಂಡರು, ಪಿಗ್ಮಿ ಕಾರ್ಡು ಈಗ ಕಸದ ಬುಟ್ಟಿಗೆ ಹೋಗುತ್ತಿವೆ. ಪಿಗ್ಮಿ ಅಂದರೆ ದಿನಾ ಮನೆಬಾಗಿಲಿಗೆ ಬಂದು ಚಿಲ್ಲರೆ ಉಳಿತಾಯ ಕೂಡಿಸಿಕೊಳ್ಳುವ ಕ್ರಮ, 1928ರಲ್ಲಿ ಸಿಂಡಿಕೇಟಿನವರು ಶುರು ಮಾಡಿದ್ದು. ಆ ಬ್ಯಾಂಕಿನ ಮೊದಲ ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಆ ಉದ್ದ ಹೆಸರಿನ ಪಾಸ್‌ಬುಕ್ ಕಂಡರೆ ಬಿಡಬೇಡಿ. ಯಾರಿಗಾದರೂ ತೋರಿಸುವಾಗ ಖಾತೆ ನಂಬರು, ಹೆಸರು ಮುಚ್ಚಿ.

ಬೀಡಿ ಲೇಬಲ್ಲುಗಳ ಕೆಂಪು ಹಳದಿ ಎಲ್ಲರಿಗೂ ಇಷ್ಟ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಬೀಡಿ ಕಟ್ಟುವ ಹೆಂಗಸರ ಸಣ್ಣ ಪುಸ್ತಕ. ಬೀಡಿ ಕಂಪನಿಯ ಬ್ರಾಂಚಿನಿಂದ ತಂದ ಎಲೆ, ಹೊಗೆಸೊಪ್ಪು, ತಿರುಗಿ ಕೊಟ್ಟ ಬೀಡಿ, ಎಲ್ಲ ಬರೆದಿರುತ್ತದೆ. ಎಷ್ಟು ಮನೆಯ ಮಕ್ಕಳ ಶಾಲೆ ಫೀಸು ಅದರೊಳಗಿದೆ! ಇದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ನೀವು ಇಡಿ. ಟೆಂಟಿನ ಆಟದ ಹ್ಯಾಂಡ್‌ಬಿಲ್, ಟಿಕೆಟೂ ಹಾಗೆಯೇ. ನೆಲಕ್ಕೆ ಎಷ್ಟು, ಕುರ್ಚಿಗೆ ಎಷ್ಟು ಅಂತ ಬರೆದಿರುತ್ತದೆ. ವೇಷಧಾರಿಗಳ ಹೆಸರು ಅಚ್ಚಾದ ಕ್ರಮ ನೋಡಿದರೆ ಆ ವರ್ಷ ಮೇಳದಲ್ಲಿ ಯಾರಿಗೆ ಎಷ್ಟು ಹೆಸರು ಅಂತ ತಿಳಿಯುತ್ತದೆ. ಬಸ್ ಟಿಕೆಟು ಚಿಕ್ಕದು, ಒಂದು ಹಾಳೆಗೆ ಅಂಟಿಸಿಬಿಡೋಣ ಅನಿಸುತ್ತದೆ. ಅಂಟು ಬೇಡ. ಸಣ್ಣ ಲಕೋಟೆ ಸಾಕು.

ಇನ್ನು ಕಾಪಾಡುವುದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಪುಸ್ತಕದಲ್ಲಿ ಓದಿದ ಒಣ ಊರಿನ ಉಪಾಯ ಇಲ್ಲಿ ನಡೆಯುವುದಿಲ್ಲ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಅಂದರೆ ಆ ವರ್ಷದ ತಿರುಗಾಟ ಮುಗಿಸುತ್ತವೆ. ನಾನೂ ಅದೇ ಹೊತ್ತಿಗೆ ನನ್ನ ಪೆಟ್ಟಿಗೆಗಳನ್ನು ಮುಚ್ಚುತ್ತೇನೆ. ರಬ್ಬರ್ ಅಂಚಿನ ಬಿಗಿ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ಅದು ತೇವ ಕುಡಿದು ತುಂಬಿದೆ ಅಂತ ಅರ್ಥ, ಬದಲಿಸಬೇಕು. ಡಬ್ಬಿಯನ್ನು ನೆಲಕ್ಕೆ, ಹೊರಗೋಡೆಗೆ ತಾಗಿಸಿ ಇಡಬೇಡಿ. ಹರಳು ಬದಲಿಸಲು ಬಿಟ್ಟರೆ ಮಳೆಗಾಲದಲ್ಲಿ ತೆರೆಯಲೂ ಬೇಡಿ, ಎಷ್ಟೇ ಆಸೆಯಾದರೂ. ನುಸಿಗುಳಿಗೆ ಫೋಟೋಗಳ ಜೊತೆ ಹಾಕಬಾರದು. ಗಡುಸು ವಾಸನೆಯ ಪಿವಿಸಿ ಕವರೂ ಬೇಡ, ಕಾಲ ಹೋದ ಹಾಗೆ ಫೋಟೋಕ್ಕೆ ಅಂಟುತ್ತದೆ. ವಾಸನೆ ಇಲ್ಲದ ಪಾಲಿಪ್ರೊಪಿಲಿನ್ ಕವರ್ ಆಗುತ್ತದೆ.

ಬೂಸಲು ಬಂದಿದ್ದರೆ ಮೊದಲು ನೆರಳಿನಲ್ಲಿ ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ. ಬಿಸಿಲಿಗೆ ಹಾಕಬೇಡಿ. ಒಣಗಿದ ಮೇಲೆ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮೆತ್ತನೆ ಬ್ರಷ್ಷಿನಿಂದ ಗುಡಿಸಿ. ಒದ್ದೆ ಬಟ್ಟೆ ಮುಟ್ಟಿಸಲೇಬಾರದು. ಅಂಟು ಪುಟದ ಆಲ್ಬಮ್ಮಿನಿಂದ ಫೋಟೋ ಬಿಡಿಸಲು ಹಲ್ಲಿನ ಸಂದಿಗೆ ಹಾಕುವ ಫ್ಲಾಸ್ ದಾರ ತೆಗೆದುಕೊಳ್ಳಿ. ಫೋಟೋದ ಕೆಳಗೆ ದಾರ ತೂರಿಸಿ, ಗರಗಸದ ಹಾಗೆ ಮೆಲ್ಲ ಆಡಿಸಿ. ಕಪ್ಪು ಪುಟಕ್ಕೆ ಮೂಲೆ ಸಿಕ್ಕಿಸಿದ ಹಳೆಯ ಆಲ್ಬಮ್ ಆದರೆ ಬಿಡಿಸಬೇಡಿ. ಯಾರೋ ಕೂತು ಯೋಚಿಸಿ ಜೋಡಿಸಿದ ಕ್ರಮ ಅದು.

ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ಬಿಸಿ, ಅಂಟು, ಪ್ಲಾಸ್ಟಿಕ್ ಮೂರೂ ಒಟ್ಟಿಗೆ ಸೇರಿ ಫೋಟೋವನ್ನು ಹಿಡಿದುಬಿಡುತ್ತವೆ. ಮತ್ತೆ ಬಿಡಿಸಲು ಆಗುವುದಿಲ್ಲ.

ಸ್ಕ್ಯಾನ್ 600 ಡಿಪಿಐ, ಅಂದರೆ ಅಂಗುಲಕ್ಕೆ 600 ಚುಕ್ಕೆ, ಎರಡೂ ಬದಿ. ಹಳೆಯ ಕಾಗದದ ಫೋಟೋದ ಹಿಂದೆ ಬರೆಯುವುದಿದ್ದರೆ ಮೆತ್ತನೆ ಪೆನ್ಸಿಲ್, ಅಂಚಿನಲ್ಲಿ, ಹಗುರ ಕೈ. ಎಲ್ಲಿ ಸಿಕ್ಕಿತು, ಯಾವಾಗ, ಯಾವುದರ ಜೊತೆ. ಅಷ್ಟು ಸಾಕು.

ಗುರುತು ಹಿಡಿಸಲು ಹಿರಿಯರ ಹತ್ತಿರ ಹೋಗುವಾಗ ಮೊಬೈಲ್ ಹಿಡಿಯಬೇಡಿ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಂಡುಹೋಗಿ. "ಇವರು ಯಾರು?" ಅಂತ ಕೇಳಬೇಡಿ. "ಇದು ಯಾವ ಜಾಗ?" ಅಂತ ಕೇಳಿ. ಏಸುವಿನ ಪವಿತ್ರ ಹೃದಯದ ಪಟದ ಹಿಂದೆ ಸಿಕ್ಕಿದ ಒಂದು ಮದುವೆಯ ಗುಂಪು ಫೋಟೋ ಹಿಡಿದು ಪರಿಚಯದ ಹಿರಿಯ ಕ್ರೈಸ್ತ ಹೆಂಗಸೊಬ್ಬರ (ಇಲ್ಲಿ ಅವರನ್ನು 'ಬಾಯಿ' ಅಂತ ಕರೆಯುತ್ತೇವೆ) ಮನೆಗೆ ಹೋಗಿದ್ದೆ. ಮದುಮಗಳನ್ನು ಅವರು ನೋಡಲೇ ಇಲ್ಲ.

"ಇದು ನಮ್ಮ ಹಳೇ ಇಗರ್ಜಿಯ ಬಾಗಿಲಲ್ಲವಾ? ಈ ಕಂಬದ ಹತ್ತಿರ ನಾವು ಚಪ್ಪಲಿ ಇಡುತ್ತಿದ್ದದ್ದು."

"ಹೌದಾ ಬಾಯಿ? ಮತ್ತೆ ಈ ಮದುವೆ ಸೀರೆ, ಸಾದೊ, ಉಟ್ಟವರು?"

"ನಿಲ್ಲಿ, ನಿಲ್ಲಿ. ಮೂಲೆಯಲ್ಲಿ ವಯಲಿನ್ ಹಿಡಿದವನು ನನಗೆ ಗೊತ್ತುಂಟು."

ವಯಲಿನ್ ಹಿಡಿದವರಿಂದ ಅವರ ತಂಗಿ, ತಂಗಿಯಿಂದ ಮದುಮಗಳ ಮನೆ. ಮೂಲ ಫೋಟೋ ಈಗ ಆ ಮನೆಯವರ ಹತ್ತಿರ ಉಂಟು, ನನ್ನಲ್ಲಿ ಸ್ಕ್ಯಾನ್ ಮಾತ್ರ. ಮನೆಯವರು ಸಿಕ್ಕಿದರೆ ಮೂಲ ಪ್ರತಿ ಅವರಿಗೆ ಕೊಡುವುದು ನನ್ನ ಕ್ರಮ. ಕೊಟ್ಟ ಮೇಲೆ ಅವರು ಕೂರಿಸಿ ಹೇಳುವ ಕಥೆ ಯಾವ ಫೋಟೋಕ್ಕಿಂತಲೂ ದೊಡ್ಡದು. ಶವಪೆಟ್ಟಿಗೆಯ ಸುತ್ತ ಮನೆಯವರು ನಿಂತ ಫೋಟೋಗಳೂ ಸಿಗುತ್ತವೆ. ಅವನ್ನು ಕೂಡ ಜೋಪಾನ ಮಾಡಿ. ಆದರೆ ವಾಟ್ಸಾಪಿನಲ್ಲಿ ಹಂಚಬೇಡಿ.

ಕಣ್ಣು ಪಳಗಿಸಲು ಎರಡು ಜಾಗ ಹೇಳುತ್ತೇನೆ. ಬಾಸೆಲ್ ಮಿಷನ್ನಿನವರು, ಅಂದರೆ ಕ್ರೈಸ್ತ ಮಿಷನರಿಗಳು, 1834ರಲ್ಲಿ ಮಂಗಳೂರಿಗೆ ಬಂದವರು. ಅವರ ಹಳೆಯ ಫೋಟೋಗಳ ದೊಡ್ಡ ಸಂಗ್ರಹ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿದೆ, ಇಂಟರ್ನೆಟ್ಟಿನಲ್ಲಿ ನೋಡಲು ಸಿಗುತ್ತದೆ. ಹಂಚಿನ ಕಾರ್ಖಾನೆ, ಪ್ರೆಸ್ಸು, ನೇಯ್ಗೆ, ಶಾಲೆ ಎಲ್ಲ ಅಲ್ಲಿವೆ. ಒಂದು ಭಾನುವಾರ ಕೂತು ನೋಡಿ. ಇನ್ನೊಂದು, ಸಂತ ಅಲೋಶಿಯಸ್ ಕಾಲೇಜಿನ (ಈಗ ಡೀಮ್ಡ್ ವಿಶ್ವವಿದ್ಯಾಲಯ) ಅಲೋಶಿಯಂ ಮ್ಯೂಸಿಯಂ, 1913ರದ್ದು. ತಾಳೆಗರಿ ಏನಾದರೂ ನಿಮ್ಮ ಕೈಗೆ ಬಂದರೆ ಮನೆಯಲ್ಲಿಟ್ಟುಕೊಳ್ಳಬೇಡಿ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಂಥ ಕಡೆ ಹೋಗಿ ಕೇಳಿ. ನಿಮ್ಮ ಸಂಗ್ರಹವನ್ನೇ ಮುಂದೊಂದು ದಿನ ಎಲ್ಲಿಗಾದರೂ ಕೊಡುವುದಿದ್ದರೆ ಪಟ್ಟಿ ಮಾಡಿ ಕೊಡಿ. ಯಾವ ಡಬ್ಬಿಯಲ್ಲಿ ಏನು, ಯಾವುದರ ಜೊತೆ ಯಾವುದು ಸಿಕ್ಕಿತು ಅಂತ. ಪಟ್ಟಿಯ ಒಂದು ಪ್ರತಿ ಡಬ್ಬಿಯ ಮುಚ್ಚಳದ ಒಳಗೆ, ಇನ್ನೊಂದು ಮನೆಯಲ್ಲಿ ಯಾರಾದರೊಬ್ಬರ ಕೈಯಲ್ಲಿ ಇರಲಿ.